ಹಿತ್ತಲ ಕೋಳಿಗೆ ಎಂಥ ಗೂಡು? ರಾತ್ರಿ ಎರಡು ಗಂಟೆಯನ್ನು ನೆನೆದು ಆರಿಸಿ

ಸಂಜೆ ಬೆಳಕು ಮಂಕಾಗುವ ಹೊತ್ತಿಗೆ ಕೋಳಿಗಳು ಏನು ಮಾಡುತ್ತವೆ ಅಂತ ಒಮ್ಮೆ ಸುಮ್ನೆ ಕೂತು ನೋಡಿ. ಕರೆಯುವುದು ಬೇಡ, ಅಟ್ಟುವುದೂ ಬೇಡ. ಕೆದಕುತ್ತಿದ್ದದ್ದನ್ನು ಅಲ್ಲೇ ಬಿಟ್ಟು ಒಂದೊಂದಾಗಿ ಗೂಡಿನ ಕಡೆ ನಡೆಯುತ್ತವೆ. ಒಳಗೆ ಎತ್ತರದ ಕೋಲಿನ ಮೇಲೆ ಜಾಗಕ್ಕಾಗಿ ಸ್ವಲ್ಪ ಜಗಳ, ಒಂದೆರಡು ಕುಕ್ಕು, ಆಮೇಲೆ ಎಲ್ಲಾ ಗಪ್‌ಚುಪ್. ಪೂರ್ತಿ ಕತ್ತಲಾದ ಮೇಲೆ ಹೋಗಿ ಒಂದನ್ನು ಎತ್ತಿಕೊಳ್ಳಿ. ಹಗಲಿಡೀ ಕೈಗೆ ಸಿಗದೆ ಓಡಿಸಿದ್ದ ಹೇಂಟೆ ಈಗ ಕುಂಬಳಕಾಯಿ ಥರ ತೆಪ್ಪಗೆ ಕೈಯಲ್ಲಿ ಕೂತಿರುತ್ತದೆ.

ಕತ್ತಲಲ್ಲಿ ಕೋಳಿಗೆ ಕಣ್ಣು ಸರಿಯಾಗಿ ಕಾಣುವುದಿಲ್ಲ. ಕೂತ ಜಾಗ ಬಿಟ್ಟು ಅಲ್ಲಾಡುವುದಿಲ್ಲ. ಕಾಡುಕೋಳಿಯಾಗಿದ್ದಾಗ ಮರದ ಕೊಂಬೆಯ ಎತ್ತರವೇ ಅದರ ರಕ್ಷಣೆ. ಈಗ ಆ ಕೆಲಸವನ್ನು ನಾವು ಕಟ್ಟಿಕೊಟ್ಟ ಗೂಡು ಮಾಡಬೇಕು. ಗೂಡು ಕೊಳ್ಳುವಾಗ ನಾವು ಬಣ್ಣ, ಚಾವಣಿ, ಮುದ್ದಾದ ಕಿಟಕಿ ಎಲ್ಲಾ ಹಗಲಲ್ಲಿ ನೋಡುತ್ತೇವೆ. ಅದಕ್ಕೆ ಪರೀಕ್ಷೆ ನಡೆಯುವುದು ನಾವು ಮಲಗಿದ ಮೇಲೆ. ಮೂರರಿಂದ ಹತ್ತು ಕೋಳಿ ಸಾಕುವ ಯೋಚನೆ ಇದ್ದರೆ, ಮುಂದೆ ಹೇಳುವ ಒಂದೊಂದು ಆಯ್ಕೆಯನ್ನೂ ಈ ಲೆಕ್ಕದಲ್ಲೇ ನೋಡಿ. ನಾನು ಇದನ್ನು ತಡವಾಗಿ ಕಲಿತೆ. ಆ ಕತೆ ಜಾಲರಿಯ ಮಾತು ಬಂದಾಗ ಹೇಳುತ್ತೇನೆ.

ಮೊದಲು ಜಾಗದ ಲೆಕ್ಕ

ಮಾಮೂಲಿ ಗಾತ್ರದ ಒಂದು ಕೋಳಿಗೆ ಗೂಡಿನ ಒಳಗೆ ಸುಮಾರು 4 ಚದರ ಅಡಿ ಬೇಕು. ಹಗಲು ಓಡಾಡುವ ಜಾಲರಿ ಅಂಗಳದಲ್ಲಿ ಸುಮಾರು 10 ಚದರ ಅಡಿ ಬೇಕು. ಅಂದರೆ ನಾಲ್ಕು ಕೋಳಿಗೆ 4 ಅಡಿ ಉದ್ದ, 4 ಅಡಿ ಅಗಲದ ಗೂಡು, ಪಕ್ಕದಲ್ಲಿ 8 ಅಡಿ ಉದ್ದ, 5 ಅಡಿ ಅಗಲದ ಅಂಗಳ. ಬ್ಯಾಂಟಮ್ ಥರದ ಚಿಕ್ಕ ತಳಿಯಾದರೆ ಕಮ್ಮಿ ಸಾಕು. ದಿನವಿಡೀ ಹೊರಗೆ ಬಿಟ್ಟು ಸಾಕುವವರೂ ಒಳಗಿನ ಜಾಗವನ್ನು ಸ್ವಲ್ಪ ಇಳಿಸಬಹುದು. ಆದರೆ ಬಿಡದೆ ಮಳೆ ಹಿಡಿದ ವಾರ ಎಲ್ಲವೂ ಒಳಗೇ ಇರುತ್ತವೆ ಅನ್ನುವುದು ನೆನಪಿರಲಿ.

ಜಾಗ ಇಕ್ಕಟ್ಟಾದರೆ ಏಟು ಬೀಳುವುದು ಸಾಲಿನ ಕೊನೆಯ ಕೋಳಿಗೆ. ಕೋಳಿಗಳಲ್ಲಿ ಯಾರು ಯಾರನ್ನು ಕುಕ್ಕಬಹುದು ಅನ್ನುವ ಮೇಲು ಕೀಳು ಗಟ್ಟಿಯಾಗಿ ಇರುತ್ತದೆ. ನಾರ್ವೆಯ ಪ್ರಾಣಿಶಾಸ್ತ್ರಜ್ಞ ಥೋರ್ಲೈಫ್ ಶೆಲ್ಡರಪ್-ಎಬ್ಬೆ 1921ರಲ್ಲೇ ಇದನ್ನು ಬರೆದಿಟ್ಟಿದ್ದರು. ಕುಕ್ಕಿಸಿಕೊಂಡ ಕೋಳಿಗೆ ಓಡಿಹೋಗಲು ಒಂದು ಮೂಲೆ ಇದ್ದರೆ ಜಗಳ ಅಲ್ಲಿಗೆ ಮುಗಿಯುತ್ತದೆ. ಮೂಲೆ ಇಲ್ಲದಿದ್ದರೆ ಬೆನ್ನಿನ ಪುಕ್ಕ ಹೋಗುತ್ತದೆ, ರಕ್ತ ಕಾಣುತ್ತದೆ, ರಕ್ತ ಕಂಡರೆ ಉಳಿದವೂ ಸೇರಿಕೊಂಡು ಕುಕ್ಕುತ್ತವೆ.

ಸಿದ್ಧ ಗೂಡು, ಹಳೇ ಶೆಡ್, ಕೈಯಾರೆ ಕಟ್ಟಿದ್ದು

ಪೆಟ್ಟಿಗೆಯಲ್ಲಿ ಬಂದು ಸ್ಕ್ರೂ ಹಾಕಿ ಜೋಡಿಸುವ ಸಿದ್ಧ ಗೂಡಿನ ಸುಖ ಒಂದೇ. ಒಂದು ಮಧ್ಯಾಹ್ನದಲ್ಲಿ ಕೆಲಸ ಮುಗಿಯುತ್ತದೆ. ತೊಂದರೆ ಏನೆಂದರೆ ಅದರ ಮೇಲೆ ಬರೆದ ಕೋಳಿಗಳ ಸಂಖ್ಯೆ. ‘ಆರು ಕೋಳಿಗೆ’ ಅಂತ ಇದ್ದರೆ ಮೂರು ಅಂತ ಓದಿಕೊಳ್ಳಿ. ಟೇಪ್ ಹಿಡಿದು ಅಳೆದರೆ ನಿಮಗೇ ಗೊತ್ತಾಗುತ್ತದೆ. ಮರದ ಹಲಗೆ ತೆಳು, ಚಿಲಕ ಆಟಿಕೆಯ ಥರ, ಜಾಲರಿಯನ್ನು ಸ್ಟೇಪ್ಲರ್ ಪಿನ್ನಿನಲ್ಲಿ ಹೊಡೆದಿರುತ್ತಾರೆ. ಎರಡು ಮೂರು ಕೋಳಿ ಸಾಕು ಅನ್ನುವವರು ಇದನ್ನೇ ತಂದು ಚಿಲಕ, ಜಾಲರಿ ಎರಡನ್ನೂ ಬದಲಾಯಿಸಿಕೊಂಡರೆ ನಡೆಯುತ್ತದೆ. ಹಾಗೇ ಇಟ್ಟರೆ ನಡೆಯುವುದಿಲ್ಲ.

ಹಿತ್ತಲಲ್ಲಿ ಸಾಮಾನು ತುಂಬಿದ ಹಳೇ ಶೆಡ್ ಇದ್ದರೆ ನನ್ನ ಓಟು ಅದಕ್ಕೇ. ಗೋಡೆ, ಚಾವಣಿ ಗಟ್ಟಿಯಾಗಿರುತ್ತವೆ. ಮುಖ್ಯವಾಗಿ ನೀವು ಒಳಗೆ ನೆಟ್ಟಗೆ ನಿಲ್ಲಬಹುದು. ಇದು ಸಣ್ಣ ವಿಷಯ ಅಲ್ಲ. ಬಗ್ಗಿ, ತಲೆ ತೂರಿಸಿ, ಕೈ ಚಾಚಿ ಹಿಕ್ಕೆ ಬಳಿಯಬೇಕಾದ ಗೂಡನ್ನು ಯಾರೂ ವಾರವಾರ ತೊಳೆಯುವುದಿಲ್ಲ. ಮೊದಲ ತಿಂಗಳು ತೊಳೆಯುತ್ತಾರೆ, ಅಷ್ಟೇ. ಶೆಡ್ಡಿನಲ್ಲಿ ಮೇಲ್ಗಡೆ ಗಾಳಿಗೆ ದಾರಿ ಕೊರೆದು ಜಾಲರಿ ಹೊಡೆಯಬೇಕು, ಇಲಿ ಕೊರೆದ ತೂತುಗಳನ್ನು ಮುಚ್ಚಬೇಕು.

ಕೈಯಾರೆ ಕಟ್ಟುವುದಕ್ಕೆ ಸಮಯ ಬೇಕು, ಆದರೆ ನಿಮ್ಮ ಜಾಗಕ್ಕೆ ಸರಿಯಾಗಿ ಹೊಂದುವುದು ಅದೊಂದೇ. ಮರವೋ ಪ್ಲಾಸ್ಟಿಕ್ಕೋ ಅನ್ನುವ ಪ್ರಶ್ನೆ ಇಲ್ಲಿ ಬರುತ್ತದೆ. ಮರದಲ್ಲಿ ಕೆಲಸ ಸುಲಭ, ಸೆಖೆಯಲ್ಲೂ ಪರವಾಗಿಲ್ಲ. ಆದರೆ ಅದರ ಸಂದುಗಳಲ್ಲಿ ಕೆಂಪು ನುಸಿ ಮನೆ ಮಾಡುತ್ತದೆ. ಈ ನುಸಿ ಹಗಲಲ್ಲಿ ಬಿರುಕಿನಲ್ಲಿ ಅಡಗಿದ್ದು ರಾತ್ರಿ ಬಂದು ಕೋಳಿಯ ರಕ್ತ ಹೀರುತ್ತದೆ. ಹಗಲು ಕೋಳಿಯನ್ನು ಎಷ್ಟು ತಡಕಿದರೂ ಏನೂ ಕಾಣುವುದಿಲ್ಲ. ಕತ್ತಲಾದ ಮೇಲೆ ಬಿಳಿ ಬಟ್ಟೆಯನ್ನು ಕೂರುವ ಕೋಲಿನ ಅಡಿಭಾಗಕ್ಕೆ ಒರೆಸಿ. ಕೆಂಪು ಕಲೆ ಬಿದ್ದರೆ ನುಸಿ ಇದೆ ಅಂತಲೇ ಅರ್ಥ. ಪ್ಲಾಸ್ಟಿಕ್ ಗೂಡಿನಲ್ಲಿ ಸಂದು ಕಮ್ಮಿ, ನೀರು ಹೊಡೆದರೆ ತೊಳೆದುಹೋಗುತ್ತದೆ. ಬಿಸಿಲಲ್ಲಿ ಮಾತ್ರ ಒಲೆಯ ಥರ ಕಾಯುತ್ತದೆ. ಇನ್ನೊಂದು ಮಾತು. ಯಾರೋ ಬಳಸಿಬಿಟ್ಟ ಮರದ ಗೂಡು ಪುಕ್ಕಟೆ ಸಿಕ್ಕರೂ ಯೋಚನೆ ಮಾಡಿ. ಕೋಳಿಯೇ ಇಲ್ಲದ ಗೂಡಿನಲ್ಲೂ ಈ ನುಸಿ ತಿಂಗಳುಗಟ್ಟಲೆ ಬದುಕಿರುತ್ತದೆ.

ನಿಂತ ಗೂಡೋ, ತಳ್ಳುವ ಗೂಡೋ

ತಳ್ಳುವ ಗೂಡು ಅಂದರೆ ಚಕ್ರ ಅಥವಾ ಹಿಡಿ ಇರುವ, ತಳವಿಲ್ಲದ ಹಗುರ ಗೂಡು. ದಿನಕ್ಕೊಮ್ಮೆ ಹುಲ್ಲಿನ ಮೇಲೆ ಮುಂದಕ್ಕೆ ತಳ್ಳುತ್ತಾ ಹೋಗಬೇಕು. ಕೋಳಿಗೆ ದಿನವೂ ಹೊಸ ಹುಲ್ಲು, ಹೊಸ ಹುಳ. ನೆಲಕ್ಕೆ ದಿನವೂ ಗೊಬ್ಬರ. ಕೇಳಲು ಬಹಳ ಚೆನ್ನಾಗಿದೆ, ಅಲ್ವಾ? ಸಮತಟ್ಟಾದ ಹುಲ್ಲಿನ ಜಾಗ ಇದ್ದು, ಐದಾರಕ್ಕಿಂತ ಹೆಚ್ಚು ಕೋಳಿ ಇಲ್ಲದಿದ್ದರೆ ನಿಜವಾಗಿಯೂ ಚೆನ್ನಾಗಿಯೇ ಇರುತ್ತದೆ.

ಆದರೆ ತಳ್ಳಲು ಹಗುರ ಅಂದರೆ ನಾಯಿ ಮಗುಚಲೂ ಹಗುರ. ನೆಲ ಏರುತಗ್ಗಾಗಿದ್ದರೆ ಚೌಕಟ್ಟಿನ ಕೆಳಗೆ ಅಂಗೈ ತೂರುವಷ್ಟು ಸಂದು ಉಳಿಯುತ್ತದೆ. ಅಂಗೈ ತೂರಿದರೆ ಹೆಗ್ಗಣವೂ ತೂರುತ್ತದೆ. ತಳದಲ್ಲಿ ಜಾಲರಿ ಹಾಕಿದರೆ ಕೋಳಿಗೆ ಕೆರೆಯಲು ಆಗುವುದಿಲ್ಲ, ತಳ್ಳುವಾಗ ಬೆರಳು ಸಿಕ್ಕಿಕೊಳ್ಳುತ್ತದೆ. ಹಾಗಾಗಿ ಇದನ್ನು ಹಗಲಿನ ಅಂಗಳವಾಗಿ ಬಳಸಿ, ರಾತ್ರಿ ಮಲಗಲು ಬೇರೆ ಗಟ್ಟಿ ಗೂಡು ಇಡುವುದು ಒಳ್ಳೆಯದು. ಒಂದೇ ಗೂಡಿಗೆ ಜಾಗ ಇದೆ ಅನ್ನುವವರು ನಿಂತ ಗೂಡನ್ನೇ ಕಟ್ಟಿ. ಅದರ ಅಂಗಳ ಕೆಲವೇ ವಾರದಲ್ಲಿ ಹುಲ್ಲಿಲ್ಲದ ಬರಿ ಮಣ್ಣಾಗುತ್ತದೆ. ಒಣ ಎಲೆ, ಮರದ ಚಕ್ಕೆ ಸುರಿದರೆ ಕೋಳಿಗಳೇ ದಿನವಿಡೀ ಕೆದಕಿ ಗೊಬ್ಬರ ಮಾಡಿಕೊಡುತ್ತವೆ.

ಬಿಟ್ಟು ಸಾಕುವುದೋ, ಜಾಲರಿಯೊಳಗೋ

ಹಗಲಿನ ಕಳ್ಳರೇ ಬೇರೆ, ರಾತ್ರಿಯ ಕಳ್ಳರೇ ಬೇರೆ. ಗಿಡುಗ, ಮುಂಗುಸಿ ಬೆಳಕಿನಲ್ಲೇ ಬರುತ್ತವೆ. ನರಿ, ಕಾಡುಬೆಕ್ಕು, ಹೆಗ್ಗಣ ಹೆಚ್ಚಾಗಿ ಕತ್ತಲಲ್ಲಿ ಬರುತ್ತವೆ. ನಾಯಿಗೆ ಹೊತ್ತುಗೊತ್ತಿಲ್ಲ. ಪೂರ್ತಿ ಬಿಟ್ಟು ಸಾಕಿದರೆ ಕೋಳಿ ಗೆಲುವಾಗಿರುತ್ತದೆ, ಮೇವಿನ ಖರ್ಚೂ ಸ್ವಲ್ಪ ಇಳಿಯುತ್ತದೆ. ಆದರೆ ಒಂದಲ್ಲ ಒಂದು ದಿನ ಲೆಕ್ಕದಲ್ಲಿ ಒಂದು ಕಮ್ಮಿ ಬರುತ್ತದೆ. ಹೂವಿನ ಪಾತಿಯ ಆಸೆಯನ್ನಂತೂ ಬಿಟ್ಟುಬಿಡಿ.

ನಾನು ಮಾಡುವುದು ನಡುವಿನ ದಾರಿ. ದಿನದ ಹೆಚ್ಚು ಹೊತ್ತು ಜಾಲರಿ ಅಂಗಳದಲ್ಲಿ ಇಡುತ್ತೇನೆ. ಸಂಜೆ ನಾನು ಹಿತ್ತಲಲ್ಲೇ ಇರುವ ಒಂದೆರಡು ತಾಸು ಹೊರಗೆ ಬಿಡುತ್ತೇನೆ. ಆ ಹೊತ್ತಿನಲ್ಲಿ ಬಿಟ್ಟರೆ ವಾಪಸು ಅಟ್ಟುವ ಕಷ್ಟವೂ ಇಲ್ಲ, ಕತ್ತಲೇ ಅವನ್ನು ಒಳಗೆ ಕಳಿಸುತ್ತದೆ. ಅಂಗಳಕ್ಕೆ ಮೇಲೂ ಬಲೆ ಬೇಕೇ ಬೇಕು. ಪಕ್ಕದ ಬೇಲಿ ಎಷ್ಟೇ ಎತ್ತರ ಇದ್ದರೂ ಗಿಡುಗಕ್ಕೆ ಅದು ಲೆಕ್ಕಕ್ಕಿಲ್ಲ, ಬೆಕ್ಕಿಗೆ ಏಣಿ ಇಟ್ಟ ಹಾಗೆ. ಹೊರಗೆ ಬಿಡುವ ಜಾಗದಲ್ಲಿ ಒಂದೆರಡು ದಟ್ಟ ಪೊದೆ ಇದ್ದರೆ ಗಿಡುಗದ ನೆರಳು ಕಂಡ ಕೂಡಲೇ ಕೋಳಿಗಳು ಅದರಡಿ ನುಗ್ಗುತ್ತವೆ.

ಹುಂಜ ಇದ್ದರೆ ಕಾವಲಿಗೆ ಆಯಿತು ಅನ್ನುವವರಿದ್ದಾರೆ. ಹುಂಜ ಮೊದಲು ನೋಡುತ್ತದೆ, ಕೂಗಿ ಎಚ್ಚರಿಸುತ್ತದೆ, ಅದು ನಿಜ. ನಾಯಿಯ ಎದುರು ಮಾತ್ರ ಅದೂ ಒಂದು ಕೋಳಿಯೇ. ಮೊಟ್ಟೆಗೆ ಹುಂಜ ಬೇಕಿಲ್ಲ, ಮರಿ ಬೇಕಿದ್ದರಷ್ಟೇ ಬೇಕು. ನಸುಕಿನ ಕೂಗಿಗೆ ಅಕ್ಕಪಕ್ಕದವರು ಏನಂತಾರೆ ಅನ್ನುವುದನ್ನು ಮೊದಲೇ ಕೇಳಿಕೊಂಡರೆ ಕ್ಷೇಮ.

ಜಾಲರಿ: ದುಡ್ಡು ಉಳಿಸಬಾರದ ಜಾಗ

ಈಗ ನನ್ನ ಕತೆ. ಮೊದಲ ಗೂಡಿಗೆ ನಾನು ಹಾಕಿಸಿದ್ದು ಆರು ಮೂಲೆಯ ಕಣ್ಣಿನ, ಕೈಯಲ್ಲೇ ಬಗ್ಗುವ ಕೋಳಿ ಜಾಲರಿ. ಹೆಸರಲ್ಲೇ ಕೋಳಿ ಇದೆಯಲ್ಲ, ಇನ್ನೇನು ಬೇಕು ಅಂದುಕೊಂಡೆ. ಒಂದು ಬೆಳಿಗ್ಗೆ ಹೋದಾಗ ಬಾಗಿಲು ಹಾಕಿದ ಹಾಗೇ ಇತ್ತು, ಚಿಲಕವೂ ಹಾಕಿತ್ತು. ಎಡಗಡೆ ಮೂಲೆಯಲ್ಲಿ ಜಾಲರಿ ಒಳಕ್ಕೆ ಉಬ್ಬಿತ್ತು. ಪಿನ್ನುಗಳು ಸಾಲಾಗಿ ಕಿತ್ತು ಬಂದಿದ್ದವು. ಒಂದು ತಂತಿ ತುಂಡಾದ ಕಡೆ ಅದರ ಹೆಣಿಗೆ ಸ್ವೆಟರಿನ ನೂಲಿನ ಹಾಗೆ ಬಿಚ್ಚಿಕೊಂಡು ಹೋಗಿತ್ತು. ಒಳಗೆ ಎರಡು ಕೋಳಿ ಸತ್ತು ಬಿದ್ದಿದ್ದವು. ಒಂದನ್ನೂ ತಿಂದಿರಲಿಲ್ಲ. ಮೂರನೆಯದು ತೊಲೆಯ ಮೇಲೆ ಏರಿ ಕೂತು ಬದುಕಿತ್ತು. ಆಮೇಲೆ ನಾಲ್ಕು ದಿನ ಅದು ಗೂಡಿನೊಳಗೆ ಕಾಲಿಡಲಿಲ್ಲ. ಅದೇ ವಾರ ಜಾಲರಿ ಬದಲಾಯಿಸಿದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ.

ಆ ಆರು ಮೂಲೆಯ ಜಾಲರಿ ಕೋಳಿಯನ್ನು ಒಳಗೆ ಇಡಲು ಮಾಡಿದ್ದು. ಹೊರಗಿನವರನ್ನು ತಡೆಯಲು ಅಲ್ಲ. ಅದರಲ್ಲಿ ತಂತಿಗೆ ತಂತಿ ಸುತ್ತಿರುತ್ತದೆ, ಬೆಸೆದಿರುವುದಿಲ್ಲ. ಕಣ್ಣು ಒಂದು ಇಂಚು ಅಥವಾ ಅದಕ್ಕೂ ದೊಡ್ಡದು. ಇಲಿ, ಹಾವು ಸಲೀಸಾಗಿ ಬರುತ್ತವೆ. ಹಗಲಿನ ಅಂಗಳದ ಮೇಲ್ಗಡೆ ಗಿಡುಗಕ್ಕೆ ಅಡ್ಡವಾಗಿ ಕಟ್ಟಲು ಇದು ಧಾರಾಳ ಸಾಕು. ರಾತ್ರಿಯ ಗೂಡಿಗೆ ಬೇಡ.

ಗೂಡಿಗೆ ಬೇಕಾದ್ದು ಅರ್ಧ ಇಂಚು ಕಣ್ಣಿನ, ಬೆಸೆದ ಚೌಕ ಜಾಲರಿ. ಅಂದರೆ ವೆಲ್ಡೆಡ್ ಮೆಶ್, ಸತು ಲೇಪ ಇರುವಂಥದ್ದು. ತಂತಿಯ ದಪ್ಪವನ್ನು ಗೇಜ್ ಲೆಕ್ಕದಲ್ಲಿ ಹೇಳುತ್ತಾರೆ. ಸಂಖ್ಯೆ ಕಮ್ಮಿ ಆದಷ್ಟೂ ತಂತಿ ದಪ್ಪ. 19 ಗೇಜ್ ಸುಮಾರು ಒಂದು ಮಿಲಿಮೀಟರ್, 16 ಗೇಜ್ ಸುಮಾರು 1.6 ಮಿಲಿಮೀಟರ್. ಅರ್ಧ ಇಂಚಿಗೆ 19 ಸಾಕು, ದೊಡ್ಡ ನಾಯಿಗಳ ಕಾಟ ಇದ್ದರೆ ಕೆಳಗಿನ ಎರಡು ಅಡಿಗೆ ದಪ್ಪದ್ದನ್ನು ಇನ್ನೊಂದು ಪದರ ಹಾಕಿ. ಈ ಕಣ್ಣಿನಲ್ಲಿ ಹೆಗ್ಗಣ ಬರಲಾರದು, ಚಿಟ್ಟಿಲಿ ಬರಬಹುದು. ಎಳೆ ಮರಿ ಇದ್ದರೆ ಅವುಗಳ ಭಾಗಕ್ಕಷ್ಟೇ ಕಾಲು ಇಂಚಿನದು ಹಾಕಬಹುದು. ಬೇಲಿಗೆ ಹಾಕುವ ದೊಡ್ಡ ವಜ್ರಾಕಾರದ ಕಣ್ಣಿನ ಚೈನ್‌ಲಿಂಕ್ ನಾಯಿಯನ್ನು ತಡೆಯುತ್ತದೆ, ಉಳಿದ ಯಾರನ್ನೂ ತಡೆಯುವುದಿಲ್ಲ. ಕಣ್ಣು ದೊಡ್ಡದಿದ್ದರೆ ಇನ್ನೊಂದು ಅಪಾಯವಿದೆ. ಜಾಲರಿಗೆ ಒರಗಿ ಮಲಗಿದ ಕೋಳಿಯನ್ನು ಹೊರಗಿನಿಂದಲೇ ಕೈ ಹಾಕಿ ಎಳೆಯುವ ಪ್ರಾಣಿಗಳಿವೆ. ರ‍್ಯಾಕೂನ್ ಇರುವ ದೇಶಗಳಲ್ಲಿ ಇದು ಮಾಮೂಲಿ.

ಜಾಲರಿ ಎಷ್ಟೇ ಗಟ್ಟಿ ಇದ್ದರೂ ಅದನ್ನು ಹಿಡಿದಿರುವುದು ಮೊಳೆ. ಸ್ಟೇಪ್ಲರ್ ಪಿನ್ ಬೇಡ. ಅಗಲವಾದ ವಾಷರ್ ಇಟ್ಟು ಸ್ಕ್ರೂ ಹಾಕಿ. ಇಲ್ಲವೇ ಜಾಲರಿಯ ಅಂಚಿನ ಮೇಲೆ ಮರದ ಪಟ್ಟಿ ಇಟ್ಟು ಬಿಗಿ ಮಾಡಿ.

ಕೆಳಗಿನಿಂದ ಅಗೆದು ಬರುವವರನ್ನು ತಡೆಯಲು ಮೂರು ದಾರಿಯಿದೆ. ಒಂದು, ಸುತ್ತಲೂ ಒಂದು ಅಡಿ ಆಳದ ಕಾಲುವೆ ತೋಡಿ ಜಾಲರಿಯನ್ನು ಹೂಳುವುದು. ಗಟ್ಟಿ ನೆಲದಲ್ಲಿ ಬೆನ್ನು ಮುರಿಯುವ ಕೆಲಸ, ಹೂತ ಜಾಲರಿ ತುಕ್ಕು ಹಿಡಿದರೂ ಗೊತ್ತಾಗುವುದಿಲ್ಲ. ಎರಡು, ತಳಕ್ಕೆ ಕಾಂಕ್ರೀಟ್ ಹಾಕುವುದು. ಇದು ಶಾಶ್ವತ, ತೊಳೆಯಲೂ ಸುಲಭ, ಆದರೆ ಆಮೇಲೆ ಗೂಡಿನ ಜಾಗ ಬದಲಿಸುವ ಹಾಗಿಲ್ಲ. ಮೂರನೆಯದು ನನಗೆ ಇಷ್ಟವಾದದ್ದು. ಒಂದೂವರೆ ಎರಡು ಅಡಿ ಅಗಲದ ಜಾಲರಿಯನ್ನು ಗೂಡಿನ ಬುಡದಿಂದ ಹೊರಕ್ಕೆ, ಸೆರಗು ಹಾಸಿದ ಹಾಗೆ ನೆಲದ ಮೇಲೆ ಹಾಸಿ, ಗೂಟ ಹೊಡೆದು, ಮೇಲೆ ಕಲ್ಲು ಮಣ್ಣು ಹರಡುವುದು. ಅಗೆಯುವ ಪ್ರಾಣಿ ಗೋಡೆಯ ಬುಡಕ್ಕೇ ಬಂದು ಅಲ್ಲೇ ಕೆರೆಯುತ್ತದೆ. ಕಾಲಿಗೆ ತಂತಿ ಸಿಗುತ್ತದೆ. ಎರಡು ಅಡಿ ಹಿಂದೆ ಸರಿದು ಅಲ್ಲಿಂದ ತೋಡಬೇಕು ಅಂತ ಅದಕ್ಕೆ ಹೊಳೆಯುವುದು ಅಪರೂಪ. ಸ್ವಲ್ಪ ದಿನದಲ್ಲಿ ಹುಲ್ಲು ಬೆಳೆದು ಜಾಲರಿ ಕಾಣದಂತಾಗುತ್ತದೆ.

ಯಾರ ಕೆಲಸ ಅಂತ ಗೊತ್ತಾದರೆ ಯಾವುದಕ್ಕೆ ಖರ್ಚು ಮಾಡಬೇಕು ಅನ್ನುವುದೂ ಗೊತ್ತಾಗುತ್ತದೆ. ಹಲವು ಕೋಳಿ ಸತ್ತು ಒಂದನ್ನೂ ತಿನ್ನದೇ ಹೋಗಿದ್ದರೆ ಹೆಚ್ಚಾಗಿ ನಾಯಿ. ಬಯಲಲ್ಲಿ ಒಂದೇ ಕಡೆ ಪುಕ್ಕದ ರಾಶಿ ಬಿದ್ದಿದ್ದರೆ ಗಿಡುಗ. ಮೊಟ್ಟೆಯೋ ಸಣ್ಣ ಮರಿಯೋ ಸುಳಿವೇ ಇಲ್ಲದೆ ಮಾಯವಾದರೆ ಹಾವು ಅಥವಾ ಹೆಗ್ಗಣ. ಹೆಗ್ಗಣಕ್ಕೆ ಮುಖ್ಯ ಮದ್ದು ಜಾಲರಿಯೂ ಅಲ್ಲ. ರಾತ್ರಿ ಮೇವಿನ ತೊಟ್ಟಿಯನ್ನು ಎತ್ತಿಟ್ಟು, ಕಾಳನ್ನು ತಗಡಿನ ಡಬ್ಬದಲ್ಲಿ ಮುಚ್ಚಿಡುವುದು. ಮೇವಿನ ಆಸೆಗೆ ಬಂದದ್ದೇ ಆಮೇಲೆ ಮರಿಗೆ ಬಾಯಿ ಹಾಕುತ್ತದೆ.

ಬಾಗಿಲು ಹಾಕುವವರು ಯಾರು?

ಚಿಲಕಕ್ಕೆ ಎರಡು ಹಂತ ಇರಲಿ. ಸರಿಸುವ ಅಗುಳಿ, ಅದರ ತೂತಿಗೊಂದು ಕೊಕ್ಕೆ. ಬರೀ ತಿರುಗಿಸುವ ಮರದ ತುಂಡನ್ನು ನಾಯಿ ಮೂತಿಯಲ್ಲೇ ತೆಗೆಯುತ್ತದೆ.

ದಿನವೂ ಕತ್ತಲ ಹೊತ್ತಿಗೆ ಮನೆಯಲ್ಲಿ ಯಾರಾದರೂ ಇರುತ್ತೀರಾ? ಇರುತ್ತೀರಾದರೆ ಕೈಯಲ್ಲಿ ಹಾಕುವ ಬಾಗಿಲೇ ಸಾಕು. ಇಲ್ಲದಿದ್ದರೆ ತಾನೇ ಮುಚ್ಚುವ ಬಾಗಿಲಿಗೆ ದುಡ್ಡು ಹಾಕುವುದು ದಂಡ ಅಲ್ಲ. ಅದರಲ್ಲಿ ಎರಡು ಬಗೆ. ಗಡಿಯಾರ ನೋಡಿ ಮುಚ್ಚುವುದು, ಬೆಳಕು ನೋಡಿ ಮುಚ್ಚುವುದು. ಕೋಳಿ ಗಡಿಯಾರ ನೋಡುವುದಿಲ್ಲ, ಬೆಳಕು ನೋಡುತ್ತದೆ. ಹಾಗಾಗಿ ಬೆಳಕಿನದು ಅದಕ್ಕೆ ಹೆಚ್ಚು ಹೊಂದುತ್ತದೆ. ಗಡಿಯಾರದ್ದಾದರೆ ಹಗಲು ಉದ್ದ ಗಿಡ್ಡ ಆದ ಹಾಗೆ ನೀವೇ ಬದಲಿಸುತ್ತಿರಬೇಕು. ಯಾವುದೇ ಇರಲಿ, ತಡವಾಗಿ ಬಂದ ಕೋಳಿ ಹೊರಗೇ ಉಳಿಯುವುದು, ಬ್ಯಾಟರಿ ಮುಗಿದು ಬಾಗಿಲು ತೆರೆದೇ ಇರುವುದು ಎರಡೂ ಆಗುತ್ತವೆ. ತಲೆ ಎಣಿಸುವ ಕೆಲಸ ಯಂತ್ರ ಮಾಡುವುದಿಲ್ಲ.

ಒಳಗಿನ ವ್ಯವಸ್ಥೆ

ಗಾಳಿಯ ವಿಷಯದಲ್ಲಿ ಜನ ಹೆಚ್ಚಾಗಿ ತಪ್ಪು ಮಾಡುತ್ತಾರೆ. ಚಳಿ ಅಂತ ಎಲ್ಲಾ ಮುಚ್ಚಿಬಿಡುತ್ತಾರೆ. ಕೋಳಿಗೆ ಪುಕ್ಕದ ಕಂಬಳಿ ಇದೆ, ದೊಡ್ಡ ಕೋಳಿ ಚಳಿಯನ್ನು ತಡೆಯುತ್ತದೆ. ತಡೆಯಲಾರದ್ದು ಅದರದೇ ಉಸಿರಿನ ತೇವ, ಹಿಕ್ಕೆಯಿಂದ ಏಳುವ ಅಮೋನಿಯಾ. ಕೋಳಿ ಕೂರುವ ಎತ್ತರಕ್ಕೆ ನಿಮ್ಮ ಮೂಗು ತಂದು ಉಸಿರೆಳೆಯಿರಿ. ಕಣ್ಣು ಮೂಗು ಚುರ್ ಅಂದರೆ ಗಾಳಿ ಸಾಲದು. ಗಾಳಿಯ ದಾರಿ ಕೋಳಿಯ ತಲೆಗಿಂತ ಮೇಲೆ, ಚಾವಣಿಯ ಹತ್ತಿರ, ಎದುರುಬದುರು ಇರಬೇಕು. ಮೈಮೇಲೆ ನೇರ ಬೀಸಬಾರದು. ಅಲ್ಲೂ ಅದೇ ಅರ್ಧ ಇಂಚಿನ ಜಾಲರಿ.

ಚಳಿಗಿಂತ ಸೆಖೆ ದೊಡ್ಡ ಶತ್ರು. ಕೋಳಿಯ ಮೈ ಬಿಸಿಯೇ 41 ಡಿಗ್ರಿ ಸೆಲ್ಸಿಯಸ್ಸಿನ ಆಸುಪಾಸು, ಬೆವರುವುದೂ ಇಲ್ಲ. ರೆಕ್ಕೆ ಅಗಲಿಸಿ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ ಕೂಡಲೇ ನೆರಳು, ತಣ್ಣನೆ ನೀರು ಕೊಡಬೇಕು. ಬಿಸಿಲು ಜಾಸ್ತಿ ಇರುವ ಕಡೆ ಗೂಡಿನ ಉದ್ದ ಪೂರ್ವ-ಪಶ್ಚಿಮಕ್ಕೆ ಇರಲಿ.

ಕೂರುವ ಕೋಲು ಎರಡು ಇಂಚು ಅಗಲದ, ಅಂಚು ಉಜ್ಜಿದ ಮರದ್ದು. ಒಂದು ಕೋಳಿಗೆ 8ರಿಂದ 10 ಇಂಚು ಉದ್ದ ಬೇಕು. ಕಬ್ಬಿಣ, ಪ್ಲಾಸ್ಟಿಕ್ ಕೊಳವೆ ಜಾರುತ್ತದೆ. ಮೊಟ್ಟೆ ಪೆಟ್ಟಿಗೆ ಒಂದು ಅಡಿ ಉದ್ದ, ಅಗಲ, ಎತ್ತರ ಇದ್ದರೆ ಸಾಕು. ಅದು ಕೋಲಿಗಿಂತ ತಗ್ಗಿನಲ್ಲಿರಬೇಕು. ಎತ್ತರದಲ್ಲಿಟ್ಟರೆ ಅದರೊಳಗೇ ಮಲಗಿ ಗಲೀಜು ಮಾಡುತ್ತವೆ. ನಾಲ್ಕು ಕೋಳಿಗೆ ಒಂದು ಪೆಟ್ಟಿಗೆ ಅನ್ನುವುದು ಲೆಕ್ಕ. ನಾನು ಮೂರು ಇಟ್ಟೆ. ಮೂರರಲ್ಲಿ ಎರಡು ಖಾಲಿ ಇದ್ದರೂ ಎಲ್ಲವೂ ಒಂದರ ಮುಂದೆಯೇ ಸಾಲು ನಿಂತು ಗಲಾಟೆ ಮಾಡುತ್ತವೆ.

ನೆಲಕ್ಕೆ ಹೊಟ್ಟನ್ನೋ ಮರದ ಚಕ್ಕೆಯನ್ನೋ ದಪ್ಪಗೆ, ನಾಲ್ಕಾರು ಇಂಚು ಹಾಸಿ, ಆಗಾಗ ಮಗುಚುತ್ತಾ ಮೇಲೆ ಹೊಸದು ಸೇರಿಸುವುದು ಒಂದು ರೀತಿ. ತೆಳ್ಳಗೆ ಹಾಸಿ ವಾರವಾರ ಬದಲಿಸುವುದು ಇನ್ನೊಂದು. ಸೋರದ ಚಾವಣಿ ಇದ್ದರೆ ಮೊದಲನೆಯದು ಸುಲಭ, ಗೊಬ್ಬರವೂ ಸಿಗುತ್ತದೆ. ಒದ್ದೆಯಾಗುವ ಗೂಡಿಗೆ ಎರಡನೆಯದೇ ಸರಿ. ಬರೀ ತಂತಿಯ ನೆಲ ಮಾತ್ರ ಬೇಡ, ಅಂಗಾಲು ಗಾಯವಾಗಿ ಕೀವು ತುಂಬುತ್ತದೆ.

ಹಾಗಾದರೆ ಯಾವುದು?

ಜಾಗ ಚಿಕ್ಕದು, ಎರಡು ಮೂರು ಕೋಳಿ, ಕೈಕೆಲಸ ಬರುವುದಿಲ್ಲ ಅಂದರೆ ಚಿಲಕ ಜಾಲರಿ ಬದಲಿಸಿದ ಸಿದ್ಧ ಗೂಡು. ಹಳೇ ಶೆಡ್ ಇದ್ದು ಐದರಿಂದ ಹತ್ತು ಕೋಳಿ ಬೇಕಿದ್ದರೆ ಬೇರೆ ಯೋಚನೆಯೇ ಬೇಡ, ಶೆಡ್. ಹುಲ್ಲಿನ ಬಯಲಿದ್ದರೆ ತಳ್ಳುವ ಗೂಡು ಹಗಲಿಗೆ, ಗಟ್ಟಿ ಗೂಡು ರಾತ್ರಿಗೆ. ದುಡ್ಡು ಕಮ್ಮಿ ಬಿದ್ದರೆ ಬಣ್ಣ ಬಿಡಿ, ಮೊಟ್ಟೆ ಪೆಟ್ಟಿಗೆಗೆ ಹಳೇ ಡಬ್ಬ ಇಡಿ, ಅಂಗಳವನ್ನು ಆರು ತಿಂಗಳು ಬಿಟ್ಟು ಕಟ್ಟಿ. ಜಾಲರಿ ಮತ್ತು ಚಿಲಕದಲ್ಲಿ ಮಾತ್ರ ಕೈ ಬಿಗಿ ಮಾಡಬೇಡಿ.

ಗೂಡು ಸಿದ್ಧವಾದ ದಿನ, ಕೋಳಿ ತರುವ ಮೊದಲು, ಒಳ್ಳೇ ಬಿಸಿಲಿನ ಹೊತ್ತಿನಲ್ಲಿ ನೀವೇ ಒಳಗೆ ಹೋಗಿ ಕೂತುಕೊಳ್ಳಿ. ಸಿದ್ಧ ಗೂಡಾದರೆ ತಲೆಯನ್ನಾದರೂ ತೂರಿಸಿ. ಮನೆಯವರಿಗೆ ಹೇಳಿ ಬಾಗಿಲು ಹಾಕಿಸಿ. ಗಾಳಿಗೆ ಬಿಟ್ಟ ಜಾಲರಿಯ ಕಣ್ಣನ್ನು ಬಿಟ್ಟು ಬೇರೆ ಎಲ್ಲೆಲ್ಲಿ ಬೆಳಕು ತೂರಿ ಬರುತ್ತಿದೆ ನೋಡಿ. ಚಾವಣಿ ಗೋಡೆ ಸೇರುವಲ್ಲಿ, ಬಾಗಿಲ ಕೆಳಗೆ, ಮೊಟ್ಟೆ ಪೆಟ್ಟಿಗೆಯ ಮುಚ್ಚಳದಲ್ಲಿ ಇದ್ದೇ ಇರುತ್ತದೆ. ಹೆಬ್ಬೆರಳು ತೂರುವ ಸಂದಿಗೆಲ್ಲಾ ಸೀಮೆಸುಣ್ಣದ ಗುರುತು ಹಾಕಿ ಹೊರಗೆ ಬನ್ನಿ. ನನ್ನ ಎರಡನೇ ಗೂಡಿನಲ್ಲಿ ಹನ್ನೊಂದು ಗುರುತು ಬಿದ್ದಿದ್ದವು.